ನಿತ್ಯದಾನ ಮತ್ತು ವ್ಯಾಪಾರ: ಅಂಗಡಿಯಲ್ಲಿ ಪಾಲಿಸಬಹುದಾದ ಆರನೆಯ ಕರ್ತವ್ಯ

ಶ್ರಾವಕರ ನಿತ್ಯ ಷಟ್ಕರ್ಮಗಳು ಆರು: ದೇವಪೂಜೆ, ಗುರು ಉಪಾಸನೆ, ಸ್ವಾಧ್ಯಾಯ, ಸಂಯಮ, ತಪ ಮತ್ತು ದಾನ. ಮೊದಲ ಐದನ್ನು ಬಸದಿಯಲ್ಲಿ, ಮನೆಯಲ್ಲಿ ನಮ್ಮ ಶಕ್ತಿಯಿದ್ದಷ್ಟು ನಡೆಸುತ್ತೇವೆ. ದಾನವನ್ನು ಮಾತ್ರ ಪರ್ಯುಷಣ, ಪಂಚಕಲ್ಯಾಣ, ಚಾತುರ್ಮಾಸ ಬಂದಾಗ ನೆನೆಯುವುದು ರೂಢಿಯಾಗಿದೆ. ಹೆಸರೇ ಹೇಳುವಂತೆ ಇದು ನಿತ್ಯದ ಕರ್ಮ. ವ್ಯಾಪಾರಸ್ಥರಿಗೆ ಇದನ್ನು ನಡೆಸಲು ಅಂಗಡಿಗಿಂತ ಒಳ್ಳೆಯ ಸ್ಥಳವಿಲ್ಲ. ಗಿರಾಕಿ, ರೈತ, ಹಮಾಲ, ಗಾಡಿಯವನು, ಬೇಡುವವನು ಎಲ್ಲರೂ ದಿನಾ ಬರುವುದು ಅಲ್ಲಿಗೇ.

ಶಾಸ್ತ್ರದಲ್ಲಿ ದಾನ

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ 7ನೇ ಅಧ್ಯಾಯವು ದಾನವನ್ನು ಹೀಗೆ ವಿವರಿಸುತ್ತದೆ: ತನಗೂ ಪರರಿಗೂ ಒಳಿತಾಗಲೆಂದು ತನ್ನ ವಸ್ತುವನ್ನು ಬಿಟ್ಟುಕೊಡುವುದು ದಾನ. ಕೊಡುವ ವಿಧಿ, ಕೊಡುವ ದ್ರವ್ಯ, ಕೊಡುವವನು, ಪಡೆಯುವ ಪಾತ್ರ ಈ ನಾಲ್ಕರಿಂದ ಅದರ ಫಲದಲ್ಲಿ ವ್ಯತ್ಯಾಸವಾಗುತ್ತದೆ. ಮೊತ್ತ ದೊಡ್ಡದಿರಬೇಕೆಂದು ಅಲ್ಲಿ ಹೇಳಿಲ್ಲ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳು ನಮ್ಮೆಲ್ಲರಿಗೂ ತಿಳಿದಿವೆ. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಆಹಾರ, ಔಷಧ, ಉಪಕರಣ, ಆವಾಸ ಎಂದು ಎಣಿಸಿದ್ದಾರೆ. ಮುನಿಗಳು ಮತ್ತು ವ್ರತಿಗಳಿಗೆ ಭಕ್ತಿಯಿಂದ ಕೊಡುವುದು ಪಾತ್ರದಾನ. ಕಷ್ಟದಲ್ಲಿರುವ ಯಾವುದೇ ಜೀವಿಗೆ ದಯೆಯಿಂದ ಕೊಡುವುದು ಕರುಣಾದಾನ. ಶ್ವೇತಾಂಬರ ಪರಂಪರೆಯಲ್ಲಿ ಇದನ್ನು ಅನುಕಂಪಾದಾನ ಎನ್ನುತ್ತಾರೆ. ಅಂಗಡಿಯಲ್ಲಿ ನಡೆಯುವುದು ಹೆಚ್ಚಾಗಿ ಈ ಎರಡನೆಯದೇ.

ದಾನಕ್ಕಿಂತ ಮೊದಲು ತಕ್ಕಡಿ

ಅದೇ 7ನೇ ಅಧ್ಯಾಯದಲ್ಲಿ ದಾನದ ಸೂತ್ರಕ್ಕೆ ಮುಂಚೆಯೇ ಅಚೌರ್ಯ ಅಣುವ್ರತದ ಐದು ಅತಿಚಾರಗಳು ಬರುತ್ತವೆ: ಕಳ್ಳತನಕ್ಕೆ ಪ್ರೇರೇಪಿಸುವುದು, ಕಳವಿನ ಮಾಲು ಕೊಳ್ಳುವುದು, ರಾಜ್ಯದ ನಿಯಮ ಮೀರಿ ವ್ಯವಹರಿಸುವುದು, ತೂಕ ಅಳತೆಯಲ್ಲಿ ಹೆಚ್ಚು ಕಡಿಮೆ ಮಾಡುವುದು, ಒಳ್ಳೆಯ ಮಾಲಿನಲ್ಲಿ ಕಳಪೆ ಬೆರೆಸುವುದು. ಐದೂ ವ್ಯಾಪಾರಿಗೆ ಬರೆದಿಟ್ಟಂತೆ ಇವೆ. ಕ್ವಿಂಟಲಿಗೆ ಅರ್ಧ ಕಿಲೋ ಹೊಡೆದು ಸಂಜೆ ಅನ್ನದಾನಕ್ಕೆ ಚೀಟಿ ಹರಿಸಿದರೆ ಅದು ದಾನವಾಗುವುದಿಲ್ಲ. ರೈತನ ವಸ್ತುವನ್ನು ನಮ್ಮ ಹೆಸರಿನಲ್ಲಿ ಕೊಟ್ಟಂತಾಯಿತು.

ಬಿಲ್ಲಿನಲ್ಲಿ ಧರ್ಮಾದಾಯವೆಂದು ಗಿರಾಕಿಯಿಂದ ಪಡೆಯುವ ಪೈಸೆಯೂ ಹಾಗೆಯೇ. ಅದು ಅವರದು, ನಾವು ಮುಟ್ಟಿಸುವವರು ಮಾತ್ರ. ಅದನ್ನು ಬೇರೆ ಖಾತೆಯಲ್ಲಿ ಬರೆದು ಪೂರ್ತಿಯಾಗಿ ತಲುಪಿಸಬೇಕು. ನಮ್ಮ ದಾನದ ಲೆಕ್ಕಕ್ಕೆ ಸೇರಿಸಬಾರದು.

ನಮ್ಮ ನಾಡಿನ ಪರಂಪರೆ

ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1,000 ಪ್ರತಿಗಳನ್ನು ಮಾಡಿಸಿ ಹಂಚಿದ್ದು, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ್ದು ಎಲ್ಲರಿಗೂ ಗೊತ್ತು. ಅಷ್ಟು ಪ್ರಸಿದ್ಧವಲ್ಲದ ಸಂಗತಿ ಶ್ರವಣಬೆಳಗೊಳದ 13ನೇ ಶತಮಾನದ ಶಾಸನಗಳಲ್ಲಿದೆ. ಭಕ್ತರು ಸಣ್ಣ ಮೂಲಧನ ಇಟ್ಟು, ಅದರ ಬಡ್ಡಿಯಿಂದ ಗೊಮ್ಮಟಸ್ವಾಮಿಯ ನಿತ್ಯ ಅಭಿಷೇಕಕ್ಕೆ ಹಾಲು, ಪೂಜೆಗೆ ಹೂವು ಒದಗುವಂತೆ ಏರ್ಪಾಡು ಮಾಡಿದ್ದರು. ಒಂದು ದಿನದ ವೈಭವಕ್ಕಿಂತ ಪ್ರತಿದಿನದ ಒಂದಳತೆ ಹಾಲು ಅವರಿಗೆ ಮುಖ್ಯವಾಗಿತ್ತು. ಧರ್ಮಸ್ಥಳದಲ್ಲಿ ಹೆಗ್ಗಡೆ ಮನೆತನದವರು ನಡೆಸಿಕೊಂಡು ಬಂದಿರುವ ಅನ್ನ, ಔಷಧ, ವಿದ್ಯೆ, ಅಭಯ ದಾನಗಳೂ ನಿತ್ಯ ನಡೆಯುವಂಥವೇ.

ಅಂಗಡಿಯಲ್ಲಿ ಆಚರಿಸುವ ಕ್ರಮ

1. ಡಬ್ಬಿ: ಬೋಣಿಯಾದ ಕೂಡಲೇ ನಿಶ್ಚಯಿಸಿದ ಮೊತ್ತವನ್ನು ಬೇರೆ ಡಬ್ಬಿಗೆ ಹಾಕುವುದು. ₹10 ಆದರೂ ಸರಿ, ತಪ್ಪಬಾರದು. ವ್ಯಾಪಾರ ಕಡಿಮೆಯಾದ ದಿನವೂ ಅಷ್ಟೇ ಹಾಕಬೇಕು.

2. ಆಹಾರ: ಬಾಗಿಲಲ್ಲಿ ಸೋಸಿದ ಕುಡಿಯುವ ನೀರು. ದೂರದಿಂದ ಮಾಲು ತಂದ ರೈತನಿಗೆ ಊಟದ ಹೊತ್ತಿನಲ್ಲಿ ಊಟದ ವಿಚಾರಣೆ.

3. ಔಷಧ: ಹಮಾಲರ ಕೈಕಾಲಿಗೆ ಗಾಯವಾಗುವುದು ಸಾಮಾನ್ಯ. ಪಟ್ಟಿ, ಮುಲಾಮು ಅಂಗಡಿಯಲ್ಲೇ ಇರಲಿ. ಡಬ್ಬಿಯ ಹಣದಿಂದ ಒಬ್ಬರ ಬಿ.ಪಿ. ಗುಳಿಗೆಯ ಖರ್ಚು ವಹಿಸಬಹುದು.

4. ಜ್ಞಾನ: ನಮ್ಮಲ್ಲಿಲ್ಲದ ಮಾಲು ಯಾವ ಅಂಗಡಿಯಲ್ಲಿ ಸಿಗುತ್ತದೆಂದು ಗಿರಾಕಿಗೆ ಹೇಳುವುದು. ಹೊಸದಾಗಿ ಅಂಗಡಿ ಇಟ್ಟ ಹುಡುಗನಿಗೆ ಖಾತೆ ಬರೆಯುವ ರೀತಿ ತೋರಿಸುವುದು. ಕೆಲಸದವರ ಮಕ್ಕಳಿಗೆ ನೋಟ್‌ಬುಕ್ಕು.

5. ಅಭಯ: ಉದ್ರಿ ಬಾಕಿ ಇರುವವನು ನಮ್ಮ ಅಂಗಡಿಯ ಮುಂದೆ ಹೆದರದೆ ಹಾದುಹೋಗುವಂತಿರಬೇಕು. ವಸೂಲಿ ಬಿಡಬೇಕೆಂದಲ್ಲ. ನಾಲ್ಕು ಜನರೆದುರು ಕೇಳಬಾರದು, ಕಂತು ಮಾಡಿಕೊಡಬೇಕು.

ಸಂಬಂಧ ಬೆಳೆಯುವ ಬಗೆ

ನನ್ನ ತಪ್ಪನ್ನೇ ಹೇಳುತ್ತೇನೆ. ಇಪ್ಪತ್ತು ವರ್ಷದ ಹಿಂದೆ ಒಂದು ಪಂಚಕಲ್ಯಾಣದಲ್ಲಿ ಕಲಶದ ಸವಾಲು ಹಿಡಿದೆ. ಮೈಕಿನಲ್ಲಿ ಹೆಸರು ಕೂಗಿದರು, ಹಾರ ಹಾಕಿದರು. ಹಣ ಹೊಂದಿಸಲು ಆ ವಾರದ ಹಮಾಲಿಯನ್ನು ಮುಂದೆ ಹಾಕಿದ್ದೆ. ಮರುದಿನ ಹಿರಿಯ ಹಮಾಲರೊಬ್ಬರು ಬಂದು, "ಸಾವ್ಕಾರ್ರ, ನಿಮ್ಮ ಹೆಸರು ಕೇಳಿ ಭಾಳ ಖುಷಿ ಆತ್ರಿ. ನಮ್ಮ ಪಗಾರ ಯಾವಾಗ್ರಿ?" ಎಂದರು. ಅವರ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಮನೆಯಲ್ಲಿ ಹಿಟ್ಟು ತೀರಿತ್ತಂತೆ. ಹಾರ ಇನ್ನೂ ಗಲ್ಲಾದ ಮೇಲೆಯೇ ಇತ್ತು.

ಅಂದಿನಿಂದ ಶನಿವಾರ ಸಂಜೆಯೊಳಗೆ ಹಮಾಲಿ ಚುಕ್ತಾ. ಅದು ದಾನವಲ್ಲ, ಸಾಲ ತೀರಿಸುವುದು. ಡಬ್ಬಿ ಶುರುವಾದದ್ದು ಅದರ ನಂತರ. ಕೆಲವು ತಿಂಗಳಲ್ಲಿ ಒಂದು ಬದಲಾವಣೆ ಕಂಡೆ. "ಈ ಚೀಲ ಹಸಿ ಐತ್ರಿ, ಕಳಸಬ್ಯಾಡ್ರಿ" ಎಂದು ಹಮಾಲರೇ ಹೇಳತೊಡಗಿದರು. ಮೊದಲೂ ಅವರ ಕೈಗೆ ತೇವ ತಿಳಿಯುತ್ತಿತ್ತು, ಹೇಳುತ್ತಿರಲಿಲ್ಲ ಅಷ್ಟೆ. ಮಾಲು ವಾಪಸು ಬರುವುದು ಕಡಿಮೆಯಾಯಿತು.

ಎಲ್ಲವೂ ಹೀಗೆ ತಿರುಗಿ ಬರುವುದಿಲ್ಲ. ಕಂತು ಮಾಡಿಕೊಟ್ಟ ಇಬ್ಬರು ಕಿರಾಣಿ ಅಂಗಡಿಯವರಲ್ಲಿ ಒಬ್ಬರು ಪೂರ್ತಿ ತೀರಿಸಿದರು, ಇನ್ನೊಬ್ಬರು ಊರು ಬಿಟ್ಟರು. ಆ ಹಣ ಇಂದಿಗೂ ಬಂದಿಲ್ಲ. ಲೆಕ್ಕ ಹಾಕಿ ಕೊಟ್ಟಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆ. ನಿತ್ಯದ ನೇಮವಾದ್ದರಿಂದ ಮುಂದುವರಿಯಿತು.

ಎಚ್ಚರ ವಹಿಸಬೇಕಾದ ಸಂಗತಿಗಳು

ಮಾಯಾ, ಮಿಥ್ಯಾತ್ವ, ನಿದಾನ ಇವು ಮೂರು ಶಲ್ಯಗಳು. ನಿದಾನವೆಂದರೆ ಮುಂದಿನ ಭೋಗವನ್ನು ಬಯಸಿ ಧರ್ಮ ಆಚರಿಸುವುದು. ಗಿರಾಕಿ ಹೆಚ್ಚಲೆಂದು ಕೊಟ್ಟ ದಾನದಲ್ಲಿ ಈ ಮುಳ್ಳು ಉಳಿದೇ ಇರುತ್ತದೆ. ಎದುರಿನವರಿಗೂ ಅದು ಬೇಗ ತಿಳಿಯುತ್ತದೆ.

ರಿಯಾಯಿತಿ, ದೀಪಾವಳಿಯ ಸಿಹಿ ಪೆಟ್ಟಿಗೆ ಇವು ವ್ಯಾಪಾರದ ಮರ್ಯಾದೆ. ಅಂಗಡಿ ಖರ್ಚಿನಲ್ಲಿ ಬರೆಯಿರಿ. ಆರ್ಡರ್ ಸಿಗಲೆಂದು ಅಧಿಕಾರಿಗೆ ಕೊಡುವುದು ಲಂಚ, ಯಾವ ಹೆಸರಿಟ್ಟರೂ ಅದು ದಾನವಲ್ಲ.

ಅತಿಥಿ ಸಂವಿಭಾಗ ವ್ರತದ ಅತಿಚಾರಗಳಲ್ಲಿ ಮಾತ್ಸರ್ಯ ಮತ್ತು ಕಾಲಾತಿಕ್ರಮ ಸೇರಿವೆ. ಮಾತ್ಸರ್ಯವೆಂದರೆ ಆದರವಿಲ್ಲದೆ, ಬೇರೆಯವರ ಮೇಲಿನ ಹುರುಡಿನಿಂದ ಕೊಡುವುದು. ಕಾಲಾತಿಕ್ರಮವೆಂದರೆ ಹೊತ್ತು ಮೀರಿಸುವುದು. ಮುನಿಗಳ ಆಹಾರದ ವಿಷಯದಲ್ಲಿ ಹೇಳಿದ ಈ ಮಾತು ಅಂಗಡಿಯ ಬಾಗಿಲಿಗೂ ಸಲ್ಲುತ್ತದೆ. "ನಾಳೆ ಬಾ" ಎಂದು ಮೂರು ಸಲ ತಿರುಗಿಸಿ ಕೊಟ್ಟರೆ, ಕೊಟ್ಟ ಪುಣ್ಯಕ್ಕಿಂತ ನೋಯಿಸಿದ ಪಾಪವೇ ಹೆಚ್ಚಾದೀತು.

ಹೊಸದಾಗಿ ಆರಂಭಿಸುವವರು ಮೊದಲು ಕೆಲಸದವರ ಬಾಕಿ ತೀರಿಸಲಿ, ತಕ್ಕಡಿ ಪರೀಕ್ಷಿಸಲಿ. ಅದಾದ ಮೇಲೆ ಗಲ್ಲಾದ ಪಕ್ಕ ಒಂದು ಡಬ್ಬಿ ಇಡಲಿ. ಮಕ್ಕಳು ಅಂಗಡಿಗೆ ಬಂದಾಗ ಬೋಣಿಯ ದುಡ್ಡನ್ನು ಅವರ ಕೈಯಿಂದಲೇ ಹಾಕಿಸಲಿ. ಮುಂದೆ ಗಲ್ಲಾದಲ್ಲಿ ಕೂರುವವರು ಅವರೇ.

ಜೈ ಜಿನೇಂದ್ರ.