ಪಾಳಿ, ಲೋಕಲ್, ಪದವಿ: ಥಾಣೆ–ನವಿಮುಂಬಯಿ ಕೈಗಾರಿಕಾ ಪಟ್ಟಿಯಲ್ಲಿ ಎಂಜಿನಿಯರಿಂಗ್ ಮ್ಯಾನೇಜ್‌ಮೆಂಟ್ ಶಿಕ್ಷಣದ ಚರಿತ್ರೆ

1. ವಿಷಯ ಪ್ರವೇಶ

ಥಾಣೆ, ಡೊಂಬಿವಲಿ, ಕಲ್ಯಾಣ್ ಮತ್ತು ನವಿಮುಂಬಯಿಯ ತರುಣ ಎಂಜಿನಿಯರುಗಳಿಗೆ ಎಂಜಿನಿಯರಿಂಗ್ ಮ್ಯಾನೇಜ್‌ಮೆಂಟ್ ಎಂದೊಡನೆ ನೆನಪಾಗುವುದು ಅಮೆರಿಕದ ವಿಶ್ವವಿದ್ಯಾಲಯಗಳು. ಆದರೆ ಆ ಸ್ನಾತಕೋತ್ತರ ಪದವಿಯಲ್ಲಿ ಕಲಿಸುವ ವಿಷಯಗಳು ಈ ಕೈಗಾರಿಕಾ ಪಟ್ಟಿಗೆ ಹೊಸವಲ್ಲ. ಕೆಲಸದ ಅಳತೆ, ಉತ್ಪಾದನಾ ಯೋಜನೆ, ಗುಣಮಟ್ಟ ನಿಯಂತ್ರಣ, ವೆಚ್ಚದ ಲೆಕ್ಕ, ಕಾರ್ಮಿಕರೊಂದಿಗಿನ ವ್ಯವಹಾರ ಇವೆಲ್ಲ ಇಲ್ಲಿನ ಕಾರ್ಖಾನೆಗಳಲ್ಲಿ ಆರು ದಶಕಗಳಿಂದ ಬಳಕೆಯಲ್ಲಿವೆ. ಅವುಗಳನ್ನು ಕಲಿಸುವ ಏರ್ಪಾಡುಗಳು ಮಾತ್ರ ಬೇರೆ ಬೇರೆ ಹೆಸರು ಹೊತ್ತು ಬಂದವು.

ಕಾರ್ಖಾನೆಯ ಪಾಳಿ ಮತ್ತು ದುಡಿಯುವ ಎಂಜಿನಿಯರನಿಗೆ ಉಳಿಯುವ ಸಮಯ, ಇವೆರಡೇ ಈ ಭಾಗದಲ್ಲಿ ಆ ಶಿಕ್ಷಣದ ಸ್ವರೂಪವನ್ನು ಬಹುಮಟ್ಟಿಗೆ ನಿರ್ಧರಿಸಿದವು ಎಂಬುದು ಪ್ರಸ್ತುತ ಲೇಖನದ ವಾದ. ಪಾಳಿಯಿಂದ ಕಲಿಕೆ ದೂರವಾದಾಗ ಪದವಿಯ ಒಳಗಿನ ತಿರುಳೂ ಬದಲಾಯಿತು.

2. ಹಿನ್ನೆಲೆ

ಎಂಜಿನಿಯರನಿಗೆ ಹಣದ ಲೆಕ್ಕವೂ ಗೊತ್ತಿರಬೇಕೆಂಬ ವಿಚಾರವನ್ನು ಹೆನ್ರಿ ಟೌನ್ 1886ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದಿಟ್ಟ. 1914ರಲ್ಲಿ ಮೆಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಎಂಜಿನಿಯರಿಂಗ್ ಆಡಳಿತದ ಕೋರ್ಸ್ ತೆರೆಯಿತು. ‘ಎಂಜಿನಿಯರಿಂಗ್ ಮ್ಯಾನೇಜ್‌ಮೆಂಟ್’ ಎಂಬ ಹೆಸರಿನ ಪ್ರತ್ಯೇಕ ವಿಭಾಗ 1967ರಲ್ಲಿ ಮಿಸೌರಿ ವಿಶ್ವವಿದ್ಯಾಲಯದ ರೋಲಾ ಕ್ಯಾಂಪಸ್ಸಿನಲ್ಲಿ ಹುಟ್ಟಿತು.

ಮುಂಬಯಿಗೆ ಈ ಚಿಂತನೆ ಬಂದ ದಾರಿಯಲ್ಲಿ ಕನ್ನಡಿಗರಿಗೆ ಪರಿಚಿತವಾದ ಹೆಸರೊಂದಿದೆ. ಪುಣೆಯಲ್ಲಿ ಎಂಜಿನಿಯರಿಂಗ್ ಓದಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ದುಡಿದ ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನಗಿರಿಯ ನಂತರ, 1921–22ರಲ್ಲಿ, ಮುಂಬಯಿ ಪ್ರಾಂತದ ತಾಂತ್ರಿಕ ಮತ್ತು ಕೈಗಾರಿಕಾ ಶಿಕ್ಷಣ ಸಮಿತಿಯ ಅಧ್ಯಕ್ಷರಾದರು. ಅಖಿಲ ಭಾರತ ತಯಾರಕರ ಸಂಘಟನೆಯನ್ನು ಅವರು 1941ರಲ್ಲಿ ಮುಂಬಯಿಯಲ್ಲೇ ಕಟ್ಟಿದರು. ತಂತ್ರಜ್ಞಾನ, ಉದ್ಯಮ, ಆಡಳಿತ ಮೂರನ್ನೂ ಒಟ್ಟಿಗೆ ನೋಡುವ ಅವರ ಕ್ರಮವೇ ಮುಂದೆ ಪಠ್ಯಕ್ರಮವಾಗಿ ಬಂತು ಎನ್ನಲು ಆಧಾರ ಸಾಲದು. ಅಂಥ ಪಠ್ಯಕ್ರಮದ ಅಗತ್ಯ ಇಲ್ಲಿ ಮೊದಲೇ ಗುರುತಾಗಿತ್ತು ಎನ್ನಲು ಅಡ್ಡಿಯಿಲ್ಲ.

3. ಕಾರ್ಖಾನೆಗಳ ಪಟ್ಟಿ

1853ರ ಏಪ್ರಿಲ್ 16ರಂದು ಮೊದಲ ಪ್ರಯಾಣಿಕ ರೈಲು ಬಂದು ನಿಂತದ್ದು ಥಾಣೆಯಲ್ಲಿ. ಉದ್ಯಮಗಳೂ ಆ ಹಳಿಯನ್ನೇ ಹಿಂಬಾಲಿಸಿದವು. ಥಾಣೆಯಲ್ಲಿ ರೇಮಂಡ್ ಉಣ್ಣೆ ಗಿರಣಿ, ಠಾಕುರ್ಲಿಯಲ್ಲಿ ರೈಲ್ವೆಯ ವಿದ್ಯುತ್ ಸ್ಥಾವರ, ಕಲ್ಯಾಣ್ ಬಳಿಯ ಮೊಹನೆಯಲ್ಲಿ ನ್ಯಾಷನಲ್ ರೇಯಾನ್, ಶಹಾಡಿನಲ್ಲಿ ಸೆಂಚುರಿ ರೇಯಾನ್ ಎದ್ದವು. 1962ರ ಆಗಸ್ಟಿನಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ, ಅಂದರೆ ಊರವರ ಬಾಯಲ್ಲಿ ‘ಎಂಐಡಿಸಿ’, ಸ್ಥಾಪನೆಯಾಯಿತು. ಥಾಣೆಯ ವಾಗ್ಳೆ ಎಸ್ಟೇಟ್ ಅದರ ಮೊದಲ ವಸಾಹತು. ಡೊಂಬಿವಲಿಯ ರಾಸಾಯನಿಕ ಘಟಕಗಳು ಮತ್ತು ಥಾಣೆ–ಬೇಲಾಪುರ ರಸ್ತೆಯುದ್ದಕ್ಕೂ ಹಬ್ಬಿದ ದೊಡ್ಡ ಕಾರ್ಖಾನೆಗಳು ಅದರ ಬೆನ್ನಿಗೇ ಬಂದವು. 1970ರಲ್ಲಿ ನಗರ ನಿರ್ಮಾಣದ ಸರ್ಕಾರಿ ನಿಗಮವಾದ ಸಿಡ್ಕೊ ಹುಟ್ಟಿ ನವಿಮುಂಬಯಿ ಎಂಬ ಹೊಸ ನಗರದ ನಕ್ಷೆ ಬರೆಯಿತು.

ಈ ಕಾರ್ಖಾನೆಗಳಿಗೆ ಯಂತ್ರ ಓಡಿಸಬಲ್ಲ ಎಂಜಿನಿಯರುಗಳು ಸಿಗುತ್ತಿದ್ದರು. ಹುಬ್ಬಳ್ಳಿಯ ಬಿ.ವಿ.ಬಿ., ಮಣಿಪಾಲದ ಎಂಐಟಿ, ಸುರತ್ಕಲ್ಲಿನ ಕೆಆರ್‌ಇಸಿಗಳಲ್ಲಿ ಓದಿ ಮುಂಬಯಿ ರೈಲು ಹತ್ತಿದ ಕನ್ನಡಿಗರೂ ಅವರಲ್ಲಿದ್ದರು. ಐದಾರು ವರ್ಷ ಕಳೆದು ಶಿಫ್ಟ್ ಇನ್‌ಚಾರ್ಜ್ ಆದವನಿಗೆ ಮಾತ್ರ ಕಾಲೇಜಿನಲ್ಲಿ ಕಲಿಸದ ಕೆಲಸಗಳು ಎದುರಾಗುತ್ತಿದ್ದವು: ಓವರ್‌ಟೈಮ್ ಹಂಚಿಕೆ, ಸ್ಟೋರ್ಸಿನ ದಾಸ್ತಾನು, ಯೂನಿಯನ್ನಿನೊಡನೆ ಮಾತುಕತೆ, ತಿಂಗಳ ಕೊನೆಯ ಉತ್ಪಾದನಾ ವರದಿ.

4. ಪವಾಯಿ: ಗಡಿಯಾರ ಹಿಡಿದ ಪಾಠ

ಈ ಕೊರತೆ ತುಂಬಲು ರೂಪುಗೊಂಡ ಮುಖ್ಯ ಸಂಸ್ಥೆ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಫಾರ್ ಟ್ರೇನಿಂಗ್ ಇನ್ ಇಂಡಸ್ಟ್ರಿಯಲ್ ಎಂಜಿನಿಯರಿಂಗ್, ಚಿಕ್ಕದಾಗಿ ನಿಟಿ. ಕೇಂದ್ರ ಸರ್ಕಾರ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ನೆರವಿನಿಂದ 1963ರಲ್ಲಿ ಪವಾಯಿ ಬಳಿ, ವಿಹಾರ್ ಕೆರೆಯ ಮಗ್ಗುಲಲ್ಲಿ, ಇದನ್ನು ಆರಂಭಿಸಿತು. ಹೆಸರಿನಲ್ಲಿದ್ದ ‘ಟ್ರೇನಿಂಗ್’ ಅದರ ಉದ್ದೇಶವನ್ನು ಹೇಳುತ್ತಿತ್ತು: ಕಂಪನಿಗಳು ಕಳಿಸಿಕೊಟ್ಟ, ನೌಕರಿಯಲ್ಲಿದ್ದ ಎಂಜಿನಿಯರುಗಳಿಗೆ ತರಬೇತಿ. ಮುಂದೆ ಎಂಜಿನಿಯರಿಂಗ್ ಪದವೀಧರರಿಗೆಂದೇ ತೆರೆದ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಸ್ನಾತಕೋತ್ತರ ಡಿಪ್ಲೊಮಾ, ಇಂದಿನ ಎಂಜಿನಿಯರಿಂಗ್ ಮ್ಯಾನೇಜ್‌ಮೆಂಟ್ ಪದವಿಗೆ ನಮ್ಮಲ್ಲಿ ಅತಿ ಸಮೀಪದ ಪೂರ್ವರೂಪ.

ಈ ಶಾಸ್ತ್ರದ ಮೂಲಪಾಠವಾದ ಕೆಲಸದ ಅಧ್ಯಯನ ಹೇಗಿರುತ್ತದೆಂದು ನೋಡೋಣ. ಲೇತ್ ಯಂತ್ರದ ಮುಂದೆ ಸ್ಟಾಪ್‌ವಾಚ್ ಹಿಡಿದು ನಿಂತಾಗ ಒಂದು ಬಿಡಿಭಾಗಕ್ಕೆ ಸರಾಸರಿ 2 ನಿಮಿಷ ಹಿಡಿಯಿತು ಎಂದಿಟ್ಟುಕೊಳ್ಳಿ. ಆ ಕಾರ್ಮಿಕ ಸಾಮಾನ್ಯರಿಗಿಂತ ಚುರುಕು, ಅವನ ವೇಗ ಶೇ. 110 ಎಂದು ಅಂದಾಜಿಸಿದರೆ ಸಾಮಾನ್ಯ ಸಮಯ 2.20 ನಿಮಿಷ. ದಣಿವು, ನೀರು, ಶೌಚ ಇತ್ಯಾದಿಗಳಿಗೆ ಶೇ. 15 ಸೇರಿಸಿದರೆ 2.53 ನಿಮಿಷ. 480 ನಿಮಿಷಗಳ ಪಾಳಿಯಲ್ಲಿ ಒಬ್ಬನಿಂದ 189 ಬಿಡಿಭಾಗ ನಿರೀಕ್ಷಿಸಬಹುದು. ಲೆಕ್ಕವೇನೋ ಸುಲಭ. ಆ ಶೇ. 110 ಎಲ್ಲಿಂದ ಬಂತು, ಶೇ. 15 ಸಾಕೇ ಎಂಬಲ್ಲಿ ಜಗಳ ಶುರುವಾಗುತ್ತದೆ. ಇನ್ಸೆಂಟಿವ್ ಒಪ್ಪಂದಕ್ಕೆ ಕುಳಿತಾಗ ಯೂನಿಯನ್ ಮುಖಂಡರು ಕೇಳುತ್ತಿದ್ದುದೂ ಇದನ್ನೇ. ಹೀಗಾಗಿ ಗಡಿಯಾರ ನೋಡಲು ಕಲಿತ ಎಂಜಿನಿಯರ್ ಮನುಷ್ಯರೊಡನೆ ಚೌಕಾಸಿ ಮಾಡಲೂ ಕಲಿಯಬೇಕಾಯಿತು. ತಂತ್ರ ಮತ್ತು ಆಡಳಿತ ಒಂದೇ ಪಠ್ಯಕ್ರಮದೊಳಗೆ ಸೇರಲು ಇದಕ್ಕಿಂತ ಗಟ್ಟಿ ಕಾರಣ ಬೇಕಿಲ್ಲ.

5. ಸಂಜೆ ತರಗತಿ ಮತ್ತು ಸ್ವಂತ ಓದು

ಎರಡು ವರ್ಷ ನೌಕರಿ ಬಿಟ್ಟು ಓದುವ ಅನುಕೂಲ ಎಲ್ಲರಿಗೂ ಇರಲಿಲ್ಲ. ಅಂಥವರಿಗೆ ಎರಡು ದಾರಿಗಳಿದ್ದವು.

ಮೊದಲನೆಯದು ವೃತ್ತಿಸಂಸ್ಥೆಗಳ ಪರೀಕ್ಷೆ. ಡಿಪ್ಲೊಮಾ ಮಾಡಿ ಕೆಲಸಕ್ಕೆ ಸೇರಿದವರು ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ನಡೆಸುತ್ತಿದ್ದ ಎಎಂಐಇ ಪರೀಕ್ಷೆಗೆ ‘ಸೆಕ್ಷನ್ ಎ’, ‘ಸೆಕ್ಷನ್ ಬಿ’ ಎಂದು ಹಂತ ಹಂತವಾಗಿ ಕೂರುತ್ತಿದ್ದರು. 1957ರಲ್ಲಿ ಸ್ಥಾಪನೆಯಾದ ಇಂಡಿಯನ್ ಇನ್‌ಸ್ಟಿಟ್ಯೂಷನ್ ಆಫ್ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಕೂಡ ಇಂಥದೇ ಪರೀಕ್ಷೆ ನಡೆಸಿತು. ಅದರ ಪ್ರಧಾನ ಕಚೇರಿ ಈಗ ನವಿಮುಂಬಯಿಯ ಸಿಬಿಡಿ ಬೇಲಾಪುರದಲ್ಲಿದೆ.

ಎರಡನೆಯದು ಸಂಜೆ ತರಗತಿ. 1965ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಸ್ಟ್ಯಾನ್‌ಫರ್ಡ್ ಸಹಯೋಗದಲ್ಲಿ ತೆರೆದ ಜಮ್ನಾಲಾಲ್ ಬಜಾಜ್ ಸಂಸ್ಥೆ ಚರ್ಚ್‌ಗೇಟಿನಲ್ಲಿತ್ತು. ಅಲ್ಲಿ ನೌಕರಿಯಲ್ಲಿದ್ದವರಿಗೆಂದು ಮಾರುಕಟ್ಟೆ, ಹಣಕಾಸು ಮುಂತಾದ ವಿಷಯಗಳಲ್ಲಿ ಅರೆಕಾಲಿಕ ಸ್ನಾತಕೋತ್ತರ ಪದವಿಗಳು ಬಂದವು. ಡೊಂಬಿವಲಿಯಿಂದ ಛತ್ರಪತಿ ಶಿವಾಜಿ ಟರ್ಮಿನಸ್‌ಗೆ ಸುಮಾರು 48 ಕಿ.ಮೀ. ಚರ್ಚ್‌ಗೇಟಿಗೆ ಹೋಗಬೇಕಾದರೆ ದಾದರಿನಲ್ಲಿ ಇಳಿದು ಪಶ್ಚಿಮ ರೈಲ್ವೆಗೆ ಬದಲಾಯಿಸಬೇಕು. ಥಾಣೆ–ಬೇಲಾಪುರ ರಸ್ತೆಯ ಕಾರ್ಖಾನೆಯಲ್ಲಿದ್ದವನ ಪಾಡು ಇನ್ನೂ ಕಷ್ಟ. ವಾಶಿಗೆ ಲೋಕಲ್ ಬಂದದ್ದೇ 1992ರಲ್ಲಿ, ಥಾಣೆಯಿಂದ ವಾಶಿಗೆ ನೇರ ರೈಲು 2004ರಲ್ಲಿ. ಅಲ್ಲಿಯವರೆಗೆ ಕಂಪನಿ ಬಸ್ ಹಿಡಿದು ಥಾಣೆಗೆ ಬಂದು, ಅಲ್ಲಿಂದ ಲೋಕಲ್ ಹತ್ತಬೇಕಿತ್ತು. ಪಾಳಿ ಬದಲಾದ ವಾರ ತರಗತಿ ತಪ್ಪುವುದು ಖಚಿತ. ಅದಕ್ಕೇ ಜನರಲ್ ಶಿಫ್ಟ್ ಸಿಕ್ಕವನಿಗೆ ಮಾತ್ರ ಸಂಜೆಯ ಪದವಿ ಎಟುಕುತ್ತಿತ್ತು.

ದುಡಿದು ಓದುವ ಈ ಪದ್ಧತಿ ಮುಂಬಯಿ ಕನ್ನಡಿಗರಿಗೆ ಹೊಸದೇನಲ್ಲ. ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದ ಹುಡುಗರು ಮೊಗವೀರ, ಗುರುನಾರಾಯಣ ಮೊದಲಾದ ರಾತ್ರಿ ಪ್ರೌಢಶಾಲೆಗಳಲ್ಲಿ ಮೆಟ್ರಿಕ್ ಮುಗಿಸಿದ ಚರಿತ್ರೆ ನಮ್ಮೆದುರಿಗಿದೆ. ಡೊಂಬಿವಲಿ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನೂ ವಾಣಿಜ್ಯ ಕಾಲೇಜನ್ನೂ ನಡೆಸಿಕೊಂಡು ಬಂದಿದೆ. ರಾತ್ರಿಶಾಲೆ ಮತ್ತು ಸಂಜೆಯ ಸ್ನಾತಕೋತ್ತರ ತರಗತಿಗಳ ನಡುವೆ ವರ್ಗದ ಅಂತರ ದೊಡ್ಡದು. ಆದರೂ ಎರಡಕ್ಕೂ ಒಂದೇ ತತ್ವ: ಕೆಲಸ ಬಿಡದೆ ಕಲಿಯುವುದು.

6. ಕಾಲೇಜುಗಳು ಬಂದವು, ಕಾರ್ಖಾನೆಗಳು ಕರಗಿದವು

1983ರಲ್ಲಿ ವಸಂತದಾದಾ ಪಾಟೀಲ್ ಸರ್ಕಾರ ಅನುದಾನರಹಿತ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳಿಗೆ ಬಾಗಿಲು ತೆರೆಯಿತು. ನೆರೂಲಿನ ರಾಮರಾವ್ ಆದಿಕ್, ತೆರ್ಣಾ, ವಾಶಿಯ ಫಾದರ್ ಆಗ್ನೆಲ್ ಸಂಸ್ಥೆಯ ಕಾಲೇಜುಗಳು ಒಂದರ ಹಿಂದೊಂದು ಬಂದವು. ನೆರೂಲಿನಲ್ಲಿ ಸೌತ್ ಇಂಡಿಯನ್ ಎಜುಕೇಶನ್ ಸೊಸೈಟಿಯ ಮ್ಯಾನೇಜ್‌ಮೆಂಟ್ ಸಂಸ್ಥೆ 1995ರಲ್ಲಿ ಶುರುವಾಯಿತು. ನವಿಮುಂಬಯಿಯ ಎಂಜಿನಿಯರನಿಗೆ ಈಗ ಚರ್ಚ್‌ಗೇಟಿನ ಹಂಗಿರಲಿಲ್ಲ.

ಇತ್ತ 1991ರ ಉದಾರೀಕರಣದ ನಂತರ ಹಳೆಯ ಕಾರ್ಖಾನೆಗಳು ಒಂದೊಂದಾಗಿ ಸೊರಗಿದವು. ಮೊಹನೆಯ ನ್ಯಾಷನಲ್ ರೇಯಾನ್ 2009ರಲ್ಲಿ ಬಾಗಿಲು ಹಾಕಿತು. ಐರೋಳಿ, ಮಹಾಪೆಗಳಲ್ಲಿ ಐಟಿ ಪಾರ್ಕುಗಳು ಎದ್ದವು. ನ್ಹಾವಾ ಶೇವಾ ಬಂದರು 1989ರಿಂದ ಕೆಲಸ ಮಾಡುತ್ತಿದ್ದುದರಿಂದ ಸಾಗಣೆ ಮತ್ತು ಗೋದಾಮಿನ ಉದ್ಯಮ ಬೆಳೆಯಿತು. ಓದುವವರ ಆಯ್ಕೆಯೂ ಇದನ್ನು ಅನುಸರಿಸಿತು. ಸ್ಟಾಪ್‌ವಾಚಿನ ಜಾಗಕ್ಕೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್, ಸಪ್ಲೈ ಚೈನ್, ಡೇಟಾ ಅನಾಲಿಟಿಕ್ಸ್ ಬಂದವು.

ಇದೇ ಹೊತ್ತಿಗೆ ದುಡಿಯುತ್ತ ಓದುವ ಹಳೆಯ ದಾರಿಗಳೂ ಕಿರಿದಾದವು. 2013ರ ಮೇ 31ರ ನಂತರ ಹೆಸರು ನೋಂದಾಯಿಸಿದವರಿಗೆ ಎಎಂಐಇ ಪರೀಕ್ಷೆಯ ಪದವಿ ಸಮಾನತೆ ಸಿಗದಾಯಿತು. 2017ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ತಾಂತ್ರಿಕ ಶಿಕ್ಷಣದ ನಿಯಂತ್ರಕ ಮಂಡಳಿಯಾದ ಎಐಸಿಟಿಇಯ ಒಪ್ಪಿಗೆಯಿಲ್ಲದೆ ಡೀಮ್ಡ್ ವಿಶ್ವವಿದ್ಯಾಲಯಗಳು ದೂರಶಿಕ್ಷಣದಲ್ಲಿ ಕೊಟ್ಟ ಎಂಜಿನಿಯರಿಂಗ್ ಪದವಿಗಳ ವಿರುದ್ಧ ತೀರ್ಪು ನೀಡಿತು. ಗುಣಮಟ್ಟದ ದೃಷ್ಟಿಯಿಂದ ಈ ಬಿಗಿ ಅಗತ್ಯವಿತ್ತು. ಆದರೆ ಪಾಳಿಯಲ್ಲಿ ದುಡಿಯುವವನಿಗೆ ಅದರ ಬದಲಿಗೆ ಬೇರೊಂದು ವ್ಯವಸ್ಥೆ ಸಿಗಲು ಕಾಯಬೇಕಾಯಿತು. 2023–24ರಿಂದ ಎಐಸಿಟಿಇ ನೌಕರಿಯಲ್ಲಿರುವವರಿಗೆ ಅನುಕೂಲದ ವೇಳೆಯ ತರಗತಿಗಳಿಗೆ ಅವಕಾಶ ಕೊಟ್ಟಿದೆ. ಅದೇ 2023ರಲ್ಲಿ ನಿಟಿ ಐಐಎಂ ಮುಂಬಯಿ ಆಯಿತು.

ಉಳ್ಳವರೂ ಸಾಲ ಸಿಕ್ಕವರೂ ವಿದೇಶದತ್ತ ಮುಖಮಾಡಿದ್ದಾರೆ. ಅಮೆರಿಕದಲ್ಲಿ ಈ ಪದವಿ ಬಹುತೇಕ ಕಡೆ ‘ಸ್ಟೆಮ್’ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ವಿಷಯಗಳ ಪಟ್ಟಿಯಲ್ಲಿದೆ. ಓದಿನ ನಂತರದ ಒಂದು ವರ್ಷದ ಕೆಲಸದ ಅನುಮತಿಗೆ 2016ರ ನಿಯಮದಂತೆ ಇನ್ನೂ 24 ತಿಂಗಳು ಸೇರುತ್ತದೆ. ಸಾಮಾನ್ಯ ಎಂಬಿಎಗಿಂತ ಇದೇ ಲೇಸು ಎಂದು ಮನೆಯವರು ಲೆಕ್ಕ ಹಾಕುವಾಗ ಪಠ್ಯಕ್ರಮಕ್ಕಿಂತ ಈ ಮೂರು ವರ್ಷಗಳ ತೂಕವೇ ಹೆಚ್ಚು.

7. ಸಮಾರೋಪ

ಮೇಲಿನ ವಿವರಗಳಿಂದ ಎರಡು ನಿರ್ಣಯಗಳಿಗೆ ಬರಬಹುದು. ಒಂದು, ಈ ಪಟ್ಟಿಯಲ್ಲಿ ಎಂಜಿನಿಯರಿಂಗ್ ಮ್ಯಾನೇಜ್‌ಮೆಂಟ್ ಮೊದಲು ಕಾರ್ಖಾನೆಯ ಅಗತ್ಯವಾಗಿ ಬೆಳೆದು, ಆಮೇಲೆ ಪದವಿಯ ಹೆಸರಾಯಿತು. ಎರಡು, ನೌಕರಿ ಮಾಡಿದ ಅನುಭವ ಪ್ರವೇಶದ ಆಧಾರವಾಗಿದ್ದ ಕಡೆ ಪಾಠ ಕಾರ್ಖಾನೆಯ ಅಂಗಳದ ಸಮಸ್ಯೆಗೆ ಹತ್ತಿರವಿತ್ತು. ಪದವಿಯಿಂದ ನೇರವಾಗಿ ಪದವಿಗೆ ಹೋಗುವ ಈಗಿನ ರೂಢಿಯಲ್ಲಿ ಆ ನಂಟು ಸಡಿಲಾಗಿದೆ.

ಇದು ಬರೀ ಪಠ್ಯಕ್ರಮದ ಚರ್ಚೆಯಲ್ಲ. ಡೊಂಬಿವಲಿ ಎಂಐಡಿಸಿಯಲ್ಲಿ 2016ರ ಮೇ ತಿಂಗಳಲ್ಲೂ 2024ರ ಮೇ ತಿಂಗಳಲ್ಲೂ ರಾಸಾಯನಿಕ ಘಟಕಗಳು ಸ್ಫೋಟಗೊಂಡು ಕಾರ್ಮಿಕರು ಜೀವ ಕಳೆದುಕೊಂಡರು. ಸುರಕ್ಷತೆ, ನಿರ್ವಹಣೆ, ದಾಸ್ತಾನು, ತರಬೇತಿ ಇವು ನಾಲ್ಕೂ ಎಂಜಿನಿಯರಿಂಗ್ ಮ್ಯಾನೇಜ್‌ಮೆಂಟಿನ ಮೂಲ ಅಧ್ಯಾಯಗಳೇ. ಇಂಥ ಚಿಕ್ಕ ಘಟಕಗಳ ಮೇಲ್ವಿಚಾರಕನಿಗೆ ವಿದೇಶದ ಪದವಿಯೂ ದೂರ, ಐಐಎಂ ಕೂಡ ದೂರ. ನೌಕರಿಯಲ್ಲಿರುವವರಿಗೆಂದು ಈಗ ತೆರೆದಿರುವ ತರಗತಿಗಳು ವಾಗ್ಳೆ ಎಸ್ಟೇಟ್, ಡೊಂಬಿವಲಿ, ರಬಾಳೆಗಳ ಪಾಳಿಗೆ ಹೊಂದಿಕೊಂಡು ಅಂಥವರನ್ನು ಸೇರಿಸಿಕೊಳ್ಳುತ್ತವೆಯೇ ಎಂಬುದರ ಮೇಲೆ ಈ ಶಿಕ್ಷಣದ ಮುಂದಿನ ಹಂತ ನಿಂತಿದೆ. ಅದನ್ನು ಅಳೆಯಬೇಕಾದರೆ ಕಾಲೇಜುಗಳ ಪ್ರವೇಶ ದಾಖಲೆಯ ಜೊತೆಗೆ ಕಾರ್ಖಾನೆಗಳ ಪಾಳಿಪಟ್ಟಿ, ವೃತ್ತಿಸಂಸ್ಥೆಗಳ ಪರೀಕ್ಷಾ ದಾಖಲೆ, ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳನ್ನೂ ಸಂಶೋಧಕರು ಒಟ್ಟಿಗೆ ಓದಬೇಕಾಗುತ್ತದೆ.