ಇಲ್ಲದ ಕೈಯ ನೋವು

ಆ ರೋಗಿಯ ತೋಳು ಭುಜದ ಕೀಲಿನಿಂದಲೇ ಹೋಗಿತ್ತು. ಕೈ ಇನ್ನೂ ಇದೆ ಎಂಬ ಅನಿಸಿಕೆ ಮೊದಮೊದಲು ಕಾಡಿದರೂ ಎರಡು ವರ್ಷಗಳಿಂದ ಅದು ಪೂರ್ತಿ ನಿಂತುಹೋಗಿತ್ತು. ಫಿಲಡೆಲ್ಫಿಯಾದ ವೈದ್ಯ ಸೈಲಾಸ್ ವಿಯರ್ ಮಿಚೆಲ್ ಒಂದು ದಿನ, ಏನಾಗಬಹುದೆಂಬ ಸುಳಿವನ್ನೂ ಕೊಡದೆ, ಅವನ ಭುಜದ ನರಗಳಿಗೆ ವಿದ್ಯುತ್ ಹಾಯಿಸಿದರು. ಕೈ ಬಂತೆಂದು ರೋಗಿ ಕೂಗಿಕೊಂಡ. ಉಳಿದಿದ್ದ ಕೈಯನ್ನು ಚಾಚಿ, ಬರಿ ಗಾಳಿಯಲ್ಲಿ ಅದನ್ನು ಹಿಡಿಯಲು ಹೋದ.

ಮಿಚೆಲ್ ಇದನ್ನೆಲ್ಲ ಕಲಿತದ್ದು ಅಮೆರಿಕದ ಅಂತರ್ಯುದ್ಧದ ಗಾಯಾಳುಗಳಿಂದ. 1861ರಿಂದ 1865ರವರೆಗೆ ನಡೆದ ಆ ಯುದ್ಧದಲ್ಲಿ ಮೆದು ಸೀಸದ ಮಿನಿಯೆ ಗುಂಡು ಬಳಕೆಯಲ್ಲಿತ್ತು. ಮೂಳೆಗೆ ತಾಗಿದರೆ ಅದು ಚಪ್ಪಟೆಯಾಗಿ ಮೂಳೆಯನ್ನು ಚೂರುಚೂರು ಮಾಡುತ್ತಿತ್ತು. ನಂಜೇರುವ ಮೊದಲೇ ಕೈಯನ್ನೋ ಕಾಲನ್ನೋ ಕತ್ತರಿಸುವುದು ಬಿಟ್ಟರೆ ಶಸ್ತ್ರವೈದ್ಯರಿಗೆ ಬೇರೆ ದಾರಿ ಇರಲಿಲ್ಲ. ಹೀಗೆ ಕತ್ತರಿಸಿದ ಅಂಗಗಳು ಅಂದಾಜು 60 ಸಾವಿರ. ನರಗಳಿಗೆ ಪೆಟ್ಟು ಬಿದ್ದವರಿಗೆಂದೇ ಫಿಲಡೆಲ್ಫಿಯಾದಲ್ಲಿ ಟರ್ನರ್ಸ್ ಲೇನ್ ಆಸ್ಪತ್ರೆ ತೆರೆಯಿತು. ಅಲ್ಲಿ ಮಿಚೆಲ್, ಜಾರ್ಜ್ ಮೋರ್‌ಹೌಸ್ ಮತ್ತು ವಿಲಿಯಂ ಕೀನ್ ಹಾಸಿಗೆಯಿಂದ ಹಾಸಿಗೆಗೆ ಹೋಗಿ ಸೈನಿಕರ ಮಾತನ್ನು ಬರೆದುಕೊಂಡರು. ಕೆಲವರಿಗೆ ಕೈಯೋ ಕಾಲೋ ಕೆಂಡ ಮುಟ್ಟಿದಂತೆ ಉರಿಯುತ್ತಿತ್ತು. ಪಕ್ಕದಲ್ಲಿ ಯಾರೋ ನಡೆದ ಸದ್ದು, ಪತ್ರಿಕೆಯ ಹಾಳೆ ಮಗುಚಿದ ಸರಸರ, ಇಷ್ಟೇ ಸಾಕು, ಆ ಉರಿ ಏರುತ್ತಿತ್ತು. ಒದ್ದೆ ಬಟ್ಟೆಯನ್ನು ಅವರು ಕೈಬಿಡುತ್ತಿರಲಿಲ್ಲ. ಬೂಟಿನೊಳಗೂ ನೀರು ಸುರಿದುಕೊಂಡು ನಡೆಯುತ್ತಿದ್ದರು. ನೋವಿನೊಂದಿಗೆ ಬದುಕುವ ಉಪಾಯವನ್ನು ಅಲ್ಲಿ ರೋಗಿಗಳೇ ಮೊದಲು ಕಂಡುಕೊಂಡಿದ್ದರು. ವೈದ್ಯರು ಅದನ್ನು ಬರೆದಿಟ್ಟರು.

ಇಲ್ಲದ ಅಂಗ ನೋಯುವುದು ಆಗ ಹೊಸ ಸಂಗತಿಯೇನಲ್ಲ. 16ನೇ ಶತಮಾನದಲ್ಲಿ ಫ್ರಾನ್ಸಿನ ಸೇನಾ ಶಸ್ತ್ರವೈದ್ಯ ಆಂಬ್ರಾಜ್ ಪಾರೆ, ಕಾಲು ಕತ್ತರಿಸಿ ತಿಂಗಳುಗಳು ಕಳೆದ ಮೇಲೂ ಅದೇ ಕಾಲು ನೋಯುತ್ತಿದೆ ಎಂದು ರೋಗಿಗಳು ಗೋಳಾಡುವುದನ್ನು ದಾಖಲಿಸಿದ್ದರು. ಕಣ್ಣಾರೆ ಕಂಡು ಕಿವಿಯಾರೆ ಕೇಳಿದವರ ಹೊರತು ಬೇರೆ ಯಾರೂ ಇದನ್ನು ನಂಬಲಾರರು ಎಂಬ ಮಾತನ್ನೂ ಸೇರಿಸಿದ್ದರು. ಈ ನೋವಿನ ಚರಿತ್ರೆಯುದ್ದಕ್ಕೂ ಇರುವ ತೊಡಕು ಇದೇ. ಗಾಯವಾದರೆ ತೋರಿಸಬಹುದು, ಜ್ವರವಾದರೆ ಮುಟ್ಟಿ ನೋಡಬಹುದು. ಇಲ್ಲದ ಕಾಲಿನ ಹೆಬ್ಬೆರಳು ಸಿಡಿಯುತ್ತಿದೆ ಎನ್ನುವವನ ಬಳಿ ಸಾಕ್ಷಿಯಾಗಿ ಇರುವುದು ಅವನ ಮಾತೊಂದೇ.

ಬಹುಶಃ ಆ ಕಾರಣಕ್ಕೇ ಮಿಚೆಲ್ ಇದನ್ನು ಮೊದಲು ಕಥೆಯಾಗಿ ಹೇಳಿದರು. 1866ರಲ್ಲಿ ‘ಅಟ್ಲಾಂಟಿಕ್ ಮಂತ್ಲಿ’ ಪತ್ರಿಕೆಯಲ್ಲಿ ಲೇಖಕರ ಹೆಸರಿಲ್ಲದೆ ‘ದ ಕೇಸ್ ಆಫ್ ಜಾರ್ಜ್ ಡೆಡ್ಲೊ’ ಅಚ್ಚಾಯಿತು. ಎರಡು ಕೈ, ಎರಡು ಕಾಲು, ನಾಲ್ಕನ್ನೂ ಯುದ್ಧದಲ್ಲಿ ಕಳೆದುಕೊಂಡವನ ಆತ್ಮಕಥನದ ಧಾಟಿ ಅದರದ್ದು. ಕೊನೆಯಲ್ಲಿ ಪ್ರೇತಗಳನ್ನು ಕರೆಯುವ ಕೂಟವೊಂದರಲ್ಲಿ, ಸೇನಾ ವೈದ್ಯಕೀಯ ಮ್ಯೂಸಿಯಂನಲ್ಲಿ 3486 ಮತ್ತು 3487ನೇ ನಂಬರಿನಲ್ಲಿ ಇಟ್ಟಿದ್ದ ಅವನ ಕಾಲುಗಳೇ ಬರುತ್ತವೆ. ಅವುಗಳ ಮೇಲೆ ಅವನು ನಾಲ್ಕು ಹೆಜ್ಜೆ ನಡೆದುಬಿಡುತ್ತಾನೆ. ಇಷ್ಟಾದರೂ ಓದುಗರಲ್ಲಿ ಹಲವರು ಇದನ್ನು ನಿಜವೆಂದೇ ತಿಳಿದು ಡೆಡ್ಲೊಗಾಗಿ ಹಣ ಕಳಿಸಿದರು. 1871ರಲ್ಲಿ ಮಿಚೆಲ್ ಇದಕ್ಕೆ ‘ಫ್ಯಾಂಟಮ್ ಲಿಂಬ್’ ಎಂದು ಹೆಸರಿಟ್ಟರು, ಎಂದರೆ ಪ್ರೇತದ ಹಾಗೆ ಬೆನ್ನು ಬಿಡದ ಅಂಗ. ಮರುವರ್ಷ ಬಂದ ಅವರ ಪುಸ್ತಕದ ಲೆಕ್ಕ ಗಮನಿಸಬೇಕು: ಅಂಗ ಕಳೆದುಕೊಂಡ 90 ಮಂದಿಯಲ್ಲಿ 86 ಮಂದಿಗೆ ಅದು ಇದೆ ಎಂಬ ಅನುಭವವಿತ್ತು. ಹಾಗಾದರೆ ಇದು ಯಾರೋ ಒಬ್ಬಿಬ್ಬರ ಚಿತ್ತಭ್ರಮೆಯಲ್ಲ.

ನೋವು ಹುಟ್ಟುವುದು ಎಲ್ಲಿ? ಕಡಿದ ನರದ ತುದಿ ಮೋಟಿನಲ್ಲಿ ಗಂಟುಗಟ್ಟಿ ಕೆರಳುತ್ತದೆ ಎಂಬುದು ಹಳೆಯ ಉತ್ತರ. ಅದರಲ್ಲಿ ಸತ್ಯಾಂಶವಿದೆ. ಆದರೆ ಅದನ್ನೇ ನಂಬಿ ಮೋಟನ್ನು ಇನ್ನಷ್ಟು ಮೇಲಕ್ಕೆ ಕತ್ತರಿಸಿದರೂ ನೋವು ಮರಳಿ ಬಂದವರು ಎಷ್ಟೋ ಮಂದಿ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್, ಬೆನ್ನುಹುರಿಯಲ್ಲಿ ನೋವಿನ ಸಂಕೇತವನ್ನು ಬಿಡುವ, ತಡೆಯುವ ಒಂದು ಬಾಗಿಲಿದೆ, ಮಿದುಳಿನ ಸ್ಥಿತಿಯೂ ಆ ಬಾಗಿಲನ್ನು ಆಡಿಸಬಲ್ಲದು ಎಂದರು. ನೋವನ್ನು ತಂತಿಯಲ್ಲಿ ಹರಿಯುವ ಕರೆಂಟಿನಂತೆ ನೋಡುತ್ತಿದ್ದವರ ಲೆಕ್ಕಾಚಾರ ಅಲ್ಲಿಗೆ ಬದಲಾಯಿತು. ಮೆಲ್ಜಾಕ್ 1975ರಲ್ಲಿ ರೋಗಿಗಳು ಆಡುವ 78 ಪದಗಳನ್ನು 20 ಗುಂಪು ಮಾಡಿ, ನೋವನ್ನು ಅಳೆಯುವ ಪ್ರಶ್ನಾವಳಿಯನ್ನೇ ರೂಪಿಸಿದರು. ಚಳುಕು, ಸೆಳೆತ, ಉರಿ, ಸಿಡಿತ, ಜೋಮು ಎಂದು ಬೇರೆಬೇರೆಯಾಗಿ ಹೇಳಬಲ್ಲ ಕನ್ನಡಿಗರಿಗೆ ಅದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ರೋಗಿಯ ಮಾತೇ ಅಲ್ಲಿ ಅಳತೆಗೋಲಾಯಿತು.

ಮುಂದಿನ ಹೆಜ್ಜೆಯಲ್ಲಿ ಚೆನ್ನೈನ ಸ್ಟಾನ್ಲಿ ವೈದ್ಯಕೀಯ ಕಾಲೇಜಿನಲ್ಲಿ ಓದಿದ ವಿ.ಎಸ್. ರಾಮಚಂದ್ರನ್ ಬರುತ್ತಾರೆ. ಮಿದುಳಿನ ಮೇಲ್ಪದರದಲ್ಲಿ ಇಡೀ ಮೈಯ ನಕ್ಷೆಯೊಂದಿದ್ದು, ಅದರಲ್ಲಿ ಕೈಯ ಜಾಗಕ್ಕೆ ಒತ್ತಿಕೊಂಡೇ ಮುಖದ ಜಾಗವಿದೆ. ಕ್ಯಾಲಿಫೋರ್ನಿಯಾದಲ್ಲಿ ರಾಮಚಂದ್ರನ್ ಕೈ ಕಳೆದುಕೊಂಡವರ ಕೆನ್ನೆಯನ್ನು ಹತ್ತಿಯ ಕಡ್ಡಿಯಿಂದ ಸವರಿದಾಗ, ಇಲ್ಲದ ಹೆಬ್ಬೆರಳನ್ನು ಮುಟ್ಟಿದಂತಾಯಿತು ಎಂದರು ಅವರಲ್ಲಿ ಕೆಲವರು. ಇನ್ನು ಕೆಲವರಿಗೆ ಇಲ್ಲದ ಮುಷ್ಟಿ ಬಿಗಿದುಕೊಂಡು, ಉಗುರು ಅಂಗೈಗೆ ನಾಟಿದಂತೆ ನೋಯುತ್ತಿತ್ತು. ಅದನ್ನು ಬಿಡಿಸುವುದು ಹೇಗೆ? 1990ರ ದಶಕದ ನಡುವೆ ಅವರು ಪೆಟ್ಟಿಗೆಯೊಂದರಲ್ಲಿ ಕನ್ನಡಿ ನಿಲ್ಲಿಸಿದರು. ಇರುವ ಕೈಯ ಪ್ರತಿಬಿಂಬ ಇಲ್ಲದ ಕೈಯ ಜಾಗದಲ್ಲಿ ಕಂಡಿತು. ಇರುವ ಕೈಯನ್ನು ಬಿಚ್ಚಿದಾಗ ಕನ್ನಡಿಯ ಕೈಯೂ ಬಿಚ್ಚಿಕೊಂಡಿತು, ಕೆಲವರಿಗೆ ವರ್ಷಗಳ ಬಿಗಿತ ಸಡಿಲವಾಯಿತು. ಇಷ್ಟು ಅಗ್ಗದ ಸಲಕರಣೆ ವೈದ್ಯಶಾಸ್ತ್ರದಲ್ಲಿ ಅಪರೂಪ.

ಆದರೂ ಮಿದುಳಿನ ನೆನಪಿನ ಲೆಕ್ಕ ಮುಗಿದಿಲ್ಲ. ಕತ್ತರಿಸುವ ಮೊದಲು ಪಾದದಲ್ಲಿದ್ದ ಹುಣ್ಣಿನ ನೋವು, ಉಗುರು ಸುತ್ತಿನ ನೋವು, ಪಾದ ಹೋದ ಮೇಲೂ ಅದೇ ಜಾಗದಲ್ಲಿ ಅದೇ ಬಗೆಯಲ್ಲಿ ಉಳಿದ ರೋಗಿಗಳನ್ನು ಜೋಯಲ್ ಕಾಟ್ಜ್ ಮತ್ತು ಮೆಲ್ಜಾಕ್ 1990ರಲ್ಲಿ ವಿವರಿಸಿದರು. ಕೈ ಹೋದರೆ ನಕ್ಷೆಯಲ್ಲಿ ಅದರ ಜಾಗವನ್ನು ಮುಖ ಒತ್ತುವರಿ ಮಾಡುತ್ತದೆ ಎಂಬ ವಿವರಣೆ ಬಹುಕಾಲ ನಡೆಯಿತು. 2025ರಲ್ಲಿ ಪ್ರಕಟವಾದ ಅಧ್ಯಯನವೊಂದು ಮೂವರ ಮಿದುಳನ್ನು ಕೈ ಕತ್ತರಿಸುವ ಮೊದಲೂ ಆಮೇಲೂ ಸ್ಕ್ಯಾನ್ ಮಾಡಿತು. ಕೈಯ ನಕ್ಷೆ ಹೆಚ್ಚುಕಡಿಮೆ ಹಾಗೇ ಇತ್ತು. ಮಿಚೆಲ್‌ರ ವಿದ್ಯುತ್ತು ಎಬ್ಬಿಸಿದ್ದು ಅದನ್ನೇ ಇರಬೇಕು.

ಕನ್ನಡಿ ಎಲ್ಲರಿಗೂ ಒಗ್ಗುವುದಿಲ್ಲ. ಮೋಟನ್ನು ಮೆಲ್ಲಗೆ ನೀವುವುದು, ಕೃತಕ ಕಾಲನ್ನು ದಿನವೂ ಧರಿಸುವುದು, ನರದ ನೋವಿನ ಮಾತ್ರೆಗಳು, ಕಡಿದ ನರವನ್ನು ಹತ್ತಿರದ ಸ್ನಾಯುವಿಗೆ ಜೋಡಿಸುವ ಶಸ್ತ್ರಚಿಕಿತ್ಸೆ, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಹಿಡಿಸುತ್ತದೆ. 2007ರಲ್ಲಿ ಅಮೆರಿಕದ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯ ವರದಿಯಲ್ಲಿ ಕನ್ನಡಿ ಕೊಟ್ಟದ್ದು ಆರು ಮಂದಿಗೆ. ನಾಲ್ಕು ವಾರದಲ್ಲಿ ಆರೂ ಮಂದಿಯ ನೋವು ಇಳಿಯಿತು. ದಿನಕ್ಕೆ 15 ನಿಮಿಷ ಅಷ್ಟೇ. ಕೈಯ ಅಭ್ಯಾಸವಾದರೆ ಕೂರುವ ಮೊದಲು ಉಂಗುರ, ಬಳೆ, ವಾಚು ತೆಗೆದಿಡಬೇಕು. ಕನ್ನಡಿಯಲ್ಲಿ ಕಾಣುವ ಕೈ ಆ ಇನ್ನೊಂದು ಕೈಯಂತೆಯೇ ಕಾಣಬೇಕು.