ಉಪ್ಪು ತಿಂದ ಹಕ್ಕಿ

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆಗೆ ಠಾಣೆಯ ಖಾಡಿಯಲ್ಲಿ ಒಂದು ಅಪವಾದವಿದೆ. ಪ್ರತಿ ವರ್ಷ ನವೆಂಬರ್ ಸುಮಾರಿಗೆ ಬಂದು, ಮೇ ತಿಂಗಳ ತನಕ ಐರೋಲಿ, ವಾಶಿ, ಶಿವಡಿಯ ಕೆಸರಿನಲ್ಲಿ ಕೊಕ್ಕನ್ನು ತಲೆಕೆಳಗಾಗಿ ಇಳಿಸಿ ಮೇಯುವ ರಾಜಹಂಸಗಳೇ ಆ ಅಪವಾದ. ಮರಾಠಿಯಲ್ಲಿ ಇವಕ್ಕೆ ರೋಹಿತ ಎಂದು ಹೆಸರು. ಅಗ್ನಿಪಂಖ ಎಂದೂ ಕರೆಯುತ್ತಾರೆ.

ಈ ಹಕ್ಕಿಗಳು ಖಾಡಿಯ ಮೂಲನಿವಾಸಿಗಳೇನಲ್ಲ. ಭಾರತದಲ್ಲಿ ಅವುಗಳ ಹೆಸರಾಂತ ತವರು ಗುಜರಾತಿನ ಕಛ್‌ ರಣ. 1945ರಲ್ಲಿ ಸಲೀಂ ಅಲಿ ರಣದ ನಡುವೆ ಅವು ಮಣ್ಣಿನ ಗೂಡು ಕಟ್ಟಿ ಮರಿ ಮಾಡುವ ಜಾಗಕ್ಕೆ ಹೋಗಿ, ಆ ‘ರಾಜಹಂಸಗಳ ನಗರ’ದ ಬಗ್ಗೆ ಬರೆದರು. ಉರಿಬಿಸಿಲು, ಬಿಳಿ ಉಪ್ಪು, ಬಾಯಿಗೆ ಇಡಲಾಗದ ನೀರು: ಬೇರೆ ಪ್ರಾಣಿಗಳು ಓಡಿಹೋಗುವ ಕಡೆ ಈ ಹಕ್ಕಿ ಸಂಸಾರ ಹೂಡುತ್ತದೆ. ಶತ್ರುಗಳು ಕಡಿಮೆ, ಊಟಕ್ಕೆ ಪೈಪೋಟಿ ಕಡಿಮೆ. ಅದಕ್ಕೆ ತೆರಬೇಕಾದ ಬೆಲೆಯನ್ನು ಅದರ ದೇಹ ತೆರುತ್ತದೆ.

ಹಕ್ಕಿಗಳ ಮೂತ್ರಪಿಂಡಕ್ಕೆ ಕಡಲ ನೀರಿನಷ್ಟು ಉಪ್ಪನ್ನು ಸೋಸಿ ಹೊರಹಾಕುವ ಶಕ್ತಿಯಿಲ್ಲ. ಹಾಗಾದರೆ ಕಡಲ ಹಕ್ಕಿಗಳು ಬದುಕುವುದು ಹೇಗೆ? 1950ರ ದಶಕದ ಕೊನೆಯಲ್ಲಿ ಕ್ನೂಟ್ ಸ್ಮಿಟ್-ನೀಲ್ಸನ್ ಮತ್ತು ಸಂಗಡಿಗರು ನೀರುಕಾಗೆಗಳಿಗೆ ಉಪ್ಪುನೀರು ಕೊಟ್ಟು ನೋಡಿದಾಗ ಉತ್ತರ ಸಿಕ್ಕಿತು. ಹಕ್ಕಿಯ ಮೂಗಿನಿಂದ ಹನಿ ಹನಿಯಾಗಿ ಇಳಿದ ದ್ರವ ಕಡಲ ನೀರಿಗಿಂತಲೂ ಉಪ್ಪಾಗಿತ್ತು. ಕಣ್ಣಿನ ಬಳಿ ಇರುವ ಗ್ರಂಥಿಗಳು ರಕ್ತದಿಂದ ಉಪ್ಪನ್ನು ಹೆಕ್ಕಿ ಹೊರಗೆ ಚೆಲ್ಲುತ್ತಿದ್ದವು. ರಾಜಹಂಸಕ್ಕೂ ಇಂಥ ಗ್ರಂಥಿಗಳಿವೆ. ಸಿಹಿನೀರು ಸಿಕ್ಕರೆ ಅದು ಕುಡಿಯುತ್ತದೆ. ಸಿಗದಿದ್ದಾಗ ಉಪ್ಪುನೀರಿನಲ್ಲೇ ಸುಧಾರಿಸುತ್ತದೆ.

ಊಟದ ಲೆಕ್ಕವೂ ಹೀಗೆಯೇ ಬಿಗಿ. 1957ರಲ್ಲಿ ಪೆನೆಲೊಪಿ ಜೆಂಕಿನ್ ಪ್ರಕಟಿಸಿದ ಅಧ್ಯಯನ ಈ ಕೊಕ್ಕಿನ ಗುಟ್ಟನ್ನು ಬಿಡಿಸಿತು. ನಾಲಿಗೆ ಪಂಪಿನ ಕೊಂತದಂತೆ ಹಿಂದೆ ಮುಂದೆ ಆಡುತ್ತದೆ, ಕೊಕ್ಕಿನ ಅಂಚಿನ ಜರಡಿ ಆಹಾರವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಿರಿಯ ರಾಜಹಂಸದ ಜರಡಿ ಬಹಳ ಸಣ್ಣದು. ಅದರ ಮುಖ್ಯ ಆಹಾರ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ. ದೊಡ್ಡ ರಾಜಹಂಸ ಕೆಸರಿನ ಹುಳು, ಸಿಗಡಿಯಂಥ ಸಣ್ಣ ಜೀವಿಗಳನ್ನು ಸೋಸಿ ತಿನ್ನುತ್ತದೆ. ಆಹಾರದಲ್ಲಿರುವ ಕ್ಯಾರೊಟಿನ್ ಬಗೆಯ ಬಣ್ಣವನ್ನು ದೇಹ ಮಾರ್ಪಡಿಸಿ ಗರಿಗೆ ಕಳಿಸುತ್ತದೆ. ಗುಲಾಬಿ ಹುಟ್ಟಿನಿಂದ ಬಂದದ್ದಲ್ಲ, ಊಟದಿಂದ ಬಂದದ್ದು. ಮರಿಗಳು ಬೂದು ಬಣ್ಣದವು. ಒಂಟಿ ಕಾಲಿನ ನಿಲುವಿನಲ್ಲೂ ಉಳಿತಾಯವಿದೆ: ಆ ಭಂಗಿಯಲ್ಲಿ ಕೀಲುಗಳು ತಾವಾಗಿಯೇ ನೆಲೆ ನಿಲ್ಲುವುದರಿಂದ ಸ್ನಾಯುಗಳಿಗೆ ಹೆಚ್ಚು ಕೆಲಸವಿಲ್ಲ ಎಂದು 2017ರ ಒಂದು ಅಧ್ಯಯನ ತೋರಿಸಿತು.

ರಣಕ್ಕೆ ಹೊಂದಿದ ಇಂಥ ಹಕ್ಕಿ ಮಹಾನಗರದ ಪಕ್ಕಕ್ಕೆ ಯಾಕೆ ಬಂತು? ಉತ್ತರ ಹಕ್ಕಿಯದಲ್ಲ, ಊರಿನ ಚರಿತ್ರೆಯಲ್ಲಿದೆ. 1853ರಲ್ಲಿ ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ಬಂದು ನಿಂತದ್ದು ಠಾಣೆಯಲ್ಲಿ. 1960ರ ದಶಕದಿಂದ ಖಾಡಿಯ ಪೂರ್ವ ದಡದಲ್ಲಿ, ಠಾಣೆ-ಬೇಲಾಪುರ ರಸ್ತೆಯುದ್ದಕ್ಕೂ ರಾಸಾಯನಿಕ ಕಾರ್ಖಾನೆಗಳು ಎದ್ದವು. 1970ರಲ್ಲಿ ಸಿಡ್ಕೊ ಹುಟ್ಟಿ ನವಿ ಮುಂಬಯಿ ಬೆಳೆಯಿತು. ಎರಡೂ ದಡದ ಊರುಗಳ ಕೊಳಚೆ ಖಾಡಿಗೆ ಇಳಿಯಿತು. ಹೂಳು ತುಂಬಿ ಕೆಸರುಬಯಲು ಅಗಲವಾಯಿತು, ಕಾಂಡ್ಲಾ ಕಾಡು ಹಬ್ಬಿತು. ಕೊಳಚೆಯ ಸಾರಜನಕ, ರಂಜಕಗಳನ್ನು ಉಂಡು ಪಾಚಿ ಕೊಬ್ಬಿತು. 1990ರ ದಶಕದ ನಡುವೆ ರಾಜಹಂಸಗಳು ದೊಡ್ಡ ಸಂಖ್ಯೆಯಲ್ಲಿ ಇಳಿಯತೊಡಗಿದವು. 2019ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಅಂದಾಜು ಒಂದು ಲಕ್ಷವನ್ನೂ ದಾಟಿತು. ಊರು ಬೇಡವೆಂದು ಚೆಲ್ಲಿದ್ದೇ ಹಕ್ಕಿಗೆ ಅನ್ನವಾಯಿತು.

ಆದರೆ ಆ ಅನ್ನದಲ್ಲಿ ಬೇರೆಯದೂ ಬೆರೆತಿದೆ. ಠಾಣೆ ಖಾಡಿಯ ಪಾದರಸದ ಬಗ್ಗೆ ವಿಜ್ಞಾನಿಗಳು 1981ರಲ್ಲೇ ಬರೆದಿದ್ದರು. ಪಾದರಸವನ್ನು, ಸೀಸವನ್ನು ಉಪ್ಪಿನಷ್ಟು ಸಲೀಸಾಗಿ ಮೂಗಿನಿಂದ ಹನಿಸಿ ಕಳೆಯಲಾಗದು. ಒಂದು ಭಾಗ ಗರಿಗೆ ಸೇರಿ, ಗರಿ ಉದುರಿದಾಗ ಹೋಗುತ್ತದೆ. ಇನ್ನೊಂದು ಭಾಗ ಪಿತ್ತಜನಕಾಂಗ, ಮೂತ್ರಪಿಂಡದಂಥ ಅಂಗಗಳಲ್ಲಿ ಕೂಡಿಬೀಳುತ್ತದೆ. ಉಪ್ಪಿನ ಜೊತೆ ಒಗ್ಗಲು ಈ ಕುಲಕ್ಕೆ ಲಕ್ಷಾಂತರ ವರ್ಷಗಳ ಕಾಲಾವಕಾಶವಿತ್ತು. ಕಾರ್ಖಾನೆಗಳ ಜೊತೆ ಸಿಕ್ಕಿದ್ದು ಮೂರೇ ದಶಕ.

2015ರಲ್ಲಿ ಐರೋಲಿ ಮತ್ತು ವಾಶಿ ಸೇತುವೆಗಳ ನಡುವಿನ ಸುಮಾರು 1,690 ಹೆಕ್ಟೇರ್ ಪ್ರದೇಶವನ್ನು ರಾಜಹಂಸಧಾಮವೆಂದು ಮಹಾರಾಷ್ಟ್ರ ಸರ್ಕಾರ ಘೋಷಿಸಿತು. 2022ರಲ್ಲಿ ಅದು ರಾಮ್ಸರ್ ಪಟ್ಟಿಗೂ ಸೇರಿತು. ಕಾಗದದ ಗೆರೆಗೆ ಮಾತ್ರ ಉಬ್ಬರವಿಳಿತದ ಲೆಕ್ಕ ಗೊತ್ತಿಲ್ಲ. ಉಬ್ಬರ ಬಂದಾಗ ಕೆಸರುಬಯಲು ಮುಳುಗುತ್ತದೆ. ಆಗ ಹಕ್ಕಿಗಳು ನಿಲ್ಲಲು ನೆರೂಳ, ಸೀವುಡ್ಸ್ ಕಡೆಯ ಕೆರೆ-ಜೌಗುಗಳಿಗೆ ಹಾರುತ್ತವೆ. ಅವು ಧಾಮದ ಗೆರೆಯ ಹೊರಗಿವೆ. 2024ರ ಬೇಸಿಗೆಯಲ್ಲಿ ಕಡಲ ನೀರು ಬರುವ ದಾರಿ ಕಟ್ಟಿಹೋಗಿ ನೆರೂಳದ ಕೆರೆ ಒಣಗಿತು, ಹಲವು ರಾಜಹಂಸಗಳು ಸತ್ತವು. ಅದೇ ಮೇ 20ರ ರಾತ್ರಿ ಘಾಟ್ಕೋಪರ್ ಮೇಲೆ ಇಳಿಯುತ್ತಿದ್ದ ವಿಮಾನಕ್ಕೆ ಸಿಕ್ಕಿ ಮೂವತ್ತಕ್ಕೂ ಹೆಚ್ಚು ಹಕ್ಕಿಗಳು ಬೀದಿಗೆ ಬಿದ್ದವು.

ನಿಲ್ಲುವ ಜಾಗದಿಂದ ಎಬ್ಬಿಸಿದ ಪ್ರತಿ ಸಲವೂ ಹಕ್ಕಿ ಹಾರಲೇಬೇಕು. ಹಾರಾಟಕ್ಕೆ ಸುಡುವುದು ಬೇಸಿಗೆಯ ಕೊನೆಗೆ ಗುಜರಾತಿನವರೆಗೆ ಮರಳಲು ಕೂಡಿಟ್ಟ ಅದೇ ಕೊಬ್ಬು. ಒಂಟಿ ಕಾಲಲ್ಲಿ ನಿಂತು ಉಳಿಸಿದ ಚೂರುಪಾರು ಗಳಿಕೆ, ಒಣಗಿದ ಕೆರೆಯ ಮೇಲೆ ಸುತ್ತುಹೊಡೆಯುವುದರಲ್ಲೇ ಕರಗಿಹೋಗುತ್ತದೆ.

ಉಪ್ಪು ತಿಂದ ಹಕ್ಕಿ ತನ್ನ ಉಪ್ಪನ್ನು ತಾನೇ ಹೊರಹಾಕಿಕೊಳ್ಳುತ್ತದೆ. ಊರು ಕಲಸಿದ್ದನ್ನು ಸೋಸುವ ಕೆಲಸ ಊರಿನದೇ. ಗಾದೆ ಹೇಳುವುದೂ ಅದನ್ನೇ.